ದುರ್ಬೀನ್ ಬೇಡ, ಕನ್ನಡಿ ಸಾಕು

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳು ಮಾತಾಡುವುದು ಕೈಯಲ್ಲಿ. ಆ ಕೈಮಾತು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಸುರಪುರದ ನಮ್ಮ ಮನೆಯ ಒಲೆಯ ಮುಂದೆ ಕೂತು ಅವ್ವ ಮತ್ತು ಅವಳು ಇಬ್ಬರೇ ಕಟ್ಟಿಕೊಂಡದ್ದು. ಮೂಗುಬೊಟ್ಟು ಮುಟ್ಟಿದರೆ ಅವ್ವ. ಚಿಕ್ಕಂದಿನಲ್ಲಿ ಬಂಡೆಯಿಂದ ಬಿದ್ದು ನನ್ನ ಹುಬ್ಬಿನ ಮೇಲೆ ಗಾಯದ ಗುರುತು ಉಳಿದಿದೆ, ಹಾಗಾಗಿ ಹುಬ್ಬು ಮುಟ್ಟಿದರೆ ನಾನು. ಅಂಗೈಯನ್ನು ಎದೆಗೆ ಎರಡು ಸಲ ತಟ್ಟಿದರೆ ‘ಆರಾಮ’. ಇಷ್ಟು ನನಗೂ ಗೊತ್ತು. ಇದರಾಚೆಗೆ ಅವರಿಬ್ಬರ ಕೈಗಳು ಓಡಲು ಶುರುವಾದರೆ ನಾನು ಎದ್ದು ನನ್ನ ರಿಪೇರಿ ಅಂಗಡಿಗೆ ಹೋಗುತ್ತಿದ್ದೆ, ಯಾಕೆಂದರೆ ಅರ್ಧಕ್ಕರ್ಧ ನನ್ನ ತಲೆಗೆ ಹತ್ತುತ್ತಿರಲಿಲ್ಲ.

ಅಕ್ಕನನ್ನು ಕೊಟ್ಟದ್ದು ಗುಡ್ಡದ ಆಚೆಯ ಒಂದು ಸಣ್ಣ ಹಳ್ಳಿಗೆ. ದೂರ ಅಂದರೆ ದೂರವಲ್ಲ, ಆದರೆ ನಡುವೆ ಗುಡ್ಡ ಅಡ್ಡ ಮಲಗಿದೆ. ಬಾವಿಕಟ್ಟೆಯ ಹತ್ತಿರ ನಿಂತರೆ ಅಲ್ಲಿ ಫೋನಿನಲ್ಲಿ ಮಾತು ಹತ್ತುತ್ತದೆ, ಚಿತ್ರ ಹತ್ತುವುದಿಲ್ಲ. ‘ಟಾವರ್ ಅದಲ್ರಿ, ಮತ್ತೇನು?’ ಎನ್ನುತ್ತಿದ್ದರು ಎಲ್ಲರೂ. ಇತ್ತು, ಕಿವಿ ಇದ್ದವರಿಗೆ. ನನ್ನ ಅಕ್ಕನಿಗೆ ಆ ಟಾವರಿದ್ದರೂ ಒಂದೇ, ಬಿದ್ದರೂ ಒಂದೇ.

ಅದರ ಚಿಂತೆ ನಮಗೆ ಬಹಳ ವರ್ಷ ಇರಲಿಲ್ಲ. ಅಕ್ಕ ತಿಂಗಳಿಗೊಮ್ಮೆ ಬಸ್ ಹತ್ತಿ ಬರುತ್ತಿದ್ದಳು. ಅವ್ವನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ತಿಂಗಳ ಮಾತನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಸಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಒಂದು ಮಳೆಗಾಲದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಆಪರೇಷನ್ ಆಯಿತು. ಮನೆಗೆ ಬಂದ ದಿನವೇ ನನ್ನನ್ನು ಮಂಚದ ಹತ್ತಿರ ಕರೆದು ಆಣೆ ಹಾಕಿಸಿಕೊಂಡಳು.

‘ಅಕಿಗೆ ಹೇಳಬ್ಯಾಡ. ಹೊಲ ಮನಿ ಬಿಟ್ಟು ಓಡಿ ಬರ್ತಾಳ. ನಾ ಎದ್ದು ನಾಕು ಹೆಜ್ಜಿ ನಡದ ಮ್ಯಾಲ ನಾನಽ ಹೇಳ್ತೀನಿ.’

ಹಳ್ಳಿಗೆ ಹೋಗಿ ಅಕ್ಕನ ಮುಂದೆ ಎದೆ ತಟ್ಟಿಕೊಂಡೆ. ಅವ್ವ ಆರಾಮ. ಕೆಂಭಾವಿಗೆ, ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ, ಬರುವುದು ತಡ. ಅಕ್ಕನ ಗಂಡನಿಗೂ ಇದನ್ನೇ ಹೇಳಿದೆ. ದಸರಾ ಆದ ಮೇಲೆ ಅಕ್ಕನ ಬಲಗೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತು. ಶಹಾಪುರದ ಆಸ್ಪತ್ರೆಗೆ ಓಡಿದೆ. ಎರಡು ಬೆರಳುಗಳ ತುದಿ ಹೋಗಿತ್ತು, ಮೂರನೆಯದು ಮಡಚುತ್ತಿರಲಿಲ್ಲ. ಪಟ್ಟಿ ಕಟ್ಟಿದ ಆ ಕೈಯನ್ನು ಎತ್ತಿ ಹಿಡಿದು, ಎಡಗೈಯಿಂದ ಮೂಗುಬೊಟ್ಟು ಮುಟ್ಟಿ, ತುಟಿಯ ಮೇಲೆ ಬೆರಳಿಟ್ಟಳು. ಅವ್ವನಿಗೆ ಹೇಳಬೇಡ. ಆಮೇಲೆ ಎದೆ ತಟ್ಟಿದಳು. ಆರಾಮ ಅಂತ ಹೇಳು.

ಹೀಗೆ ನಾನು ಎರಡು ಸುಳ್ಳುಗಳ ಟಪಾಲಿನವನಾದೆ. ಇತ್ತಲಿಂದ ಅತ್ತ ಒಂದು ಆರಾಮ, ಅತ್ತಲಿಂದ ಇತ್ತ ಇನ್ನೊಂದು. ಒಬ್ಬಳು ನಡೆಯಲಾರಳು ಅಂತ ಬರುವುದಿಲ್ಲ, ಇನ್ನೊಬ್ಬಳು ಕೈ ಕಾಣುತ್ತದೆ ಅಂತ ಬರುವುದಿಲ್ಲ. ಇಬ್ಬರಿಗೂ ಇನ್ನೊಬ್ಬಳು ಯಾಕೆ ಬರುತ್ತಿಲ್ಲ ಎಂಬ ಕೋಪ. ಆ ಕೋಪವೆಲ್ಲ ನನ್ನ ಮೇಲೆ.

‘ಓಣಿ ತುಂಬ ಮಂದಿ ಫೋನಿನ್ಯಾಗ ಮಕ್ಕಳ ಮಾರಿ ನೋಡ್ತಾರ. ನೀ ಟಿವಿ, ಮೊಬೈಲ್, ಹಾಳುಮೂಳು ಎಲ್ಲಾ ರಿಪೇರಿ ಮಾಡ್ತಿ. ನನ್ನ ಮಗಳ ಕೈ ನೋಡೂಹಂಗ ಮಾಡಾಕ ಆಗೂದಿಲ್ಲೇನು ನಿನಗ?’ ಎಂದಳು ಅವ್ವ ಒಂದು ದಿನ.

ಮುಖವಲ್ಲ, ಕೈ. ಅವಳಿಗೆ ಬೇಕಾದದ್ದು ಮಗಳ ಕೈ. ಬೇರೆ ಯಾರಾದರೂ ಆಗಿದ್ದರೆ ‘ಆಗೂದಿಲ್ಲವ್ವ’ ಎಂದು ಅಲ್ಲಿಗೇ ಬಿಡುತ್ತಿದ್ದರು. ನನಗೆ ಯಾರಾದರೂ ‘ಆಗೂದಿಲ್ಲೇನು’ ಎಂದರೆ ಮೈ ಉರಿಯುತ್ತದೆ. ಮಾಡುತ್ತೇನೆ ಎಂದೆ. ಇನ್ನೊಂದು ಕಾರಣವೂ ಇತ್ತು, ಅದನ್ನು ಈಗ ಹೇಳಿಬಿಡುತ್ತೇನೆ: ಸುಳ್ಳು ಹೊತ್ತು ನನ್ನ ಹೆಗಲು ನೋಯುತ್ತಿತ್ತು. ಬಾಯಿ ಬಿಡಲು ಆಣೆ ಅಡ್ಡ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಬಿಟ್ಟರೆ ನಾನು ಹೇಳುವುದು ಉಳಿಯುವುದಿಲ್ಲವಲ್ಲ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಹೇಡಿಯ ಲೆಕ್ಕವೇ, ಇಲ್ಲ ಅನ್ನುವುದಿಲ್ಲ.

ನನ್ನ ಅಂಗಡಿಗೆ ತಂತಿಯ ಇಂಟರ್ನೆಟ್ ಇತ್ತು. ಅದನ್ನು ಗುಡ್ಡ ದಾಟಿಸಬೇಕು, ತಂತಿ ಇಲ್ಲದೆ. ದೊಡ್ಡ ಕಂಬ, ದೊಡ್ಡ ಯಂತ್ರ ನನ್ನ ಕೈಗೆಟುಕದ ಮಾತು. ಆದರೆ ಮನೆಮನೆಯಲ್ಲಿ ವೈಫೈಗೆ ಇಡುವ ಸಣ್ಣ ರೌಟರ್ ಡಬ್ಬಿಗಳು ಹಳೆಯವಾಗಿ ಮೂಲೆ ಸೇರಿರುತ್ತವೆ. ಅವುಗಳೊಳಗೆ ಕಂಪನಿ ತುಂಬಿಸಿದ ತಂತ್ರಾಂಶವನ್ನು ತೆಗೆದು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶ ಹಾಕಿದರೆ, ಆ ಡಬ್ಬಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಬಾವಿಯಿಂದ ಮನೆಯವರೆಗೆ ಹೆಂಗಸರು ಸಾಲಾಗಿ ನಿಂತು ಕೊಡ ಕೈಬದಲಾಯಿಸುವ ಹಾಗೆ, ಒಂದು ಡಬ್ಬಿ ಪಕ್ಕದ ಡಬ್ಬಿಗೆ ಸುದ್ದಿ ದಾಟಿಸುತ್ತದೆ. ನಡುವೆ ಒಬ್ಬಳು ಹೊರಟುಹೋದರೆ ಉಳಿದವರು ಸರಿದು ನಿಂತು ಸಾಲು ಕೂಡಿಸುತ್ತಾರಲ್ಲ, ಡಬ್ಬಿಗಳೂ ಹಾಗೆಯೇ ಬೇರೆ ದಾರಿ ಹುಡುಕಿಕೊಳ್ಳುತ್ತವೆ. ಇದಕ್ಕೆ ಮೆಶ್ ಅನ್ನುತ್ತಾರೆ. ನಾನು ಅಂಗಡಿಯ ಮೊಬೈಲಿನಲ್ಲೇ ಓದಿ ಓದಿ ಕಲಿತೆ.

ಯಾದಗಿರಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಡಬ್ಬಿ ಕೂಡಿಸಿದೆ. ಮೊದಲ ಮೂರು ನನ್ನ ಕೈಯಲ್ಲೇ ಸತ್ತವು. ಹೊಸ ತಂತ್ರಾಂಶ ಒಳಗೆ ಇಳಿಯುತ್ತಿರುವಾಗ ಕರೆಂಟ್ ಹೋದರೆ ಡಬ್ಬಿ ಅರ್ಧ ಹಳೆಯದು ಅರ್ಧ ಹೊಸದು ಆಗಿ, ಏನೂ ಅಲ್ಲದ್ದಾಗಿ ಕೂರುತ್ತದೆ. ನಮ್ಮೂರಿನ ಕರೆಂಟಿಗೆ ಇದೆಲ್ಲ ಗೊತ್ತಿರುವ ಹಾಗೆ, ನಾನು ಕೂತಾಗಲೇ ಹೋಗುತ್ತಿತ್ತು. ನಾಲ್ಕನೆಯದನ್ನು ಬೈಕಿನ ಬ್ಯಾಟರಿಗೆ ಕಟ್ಟಿ ಮಾಡಿದೆ. ಅದರ ದೀಪ ಮಿಟುಕಿದಾಗ ಒಬ್ಬನೇ ಅಂಗಡಿಯಲ್ಲಿ ಚಪ್ಪಾಳೆ ತಟ್ಟಿಕೊಂಡೆ.

ದಾರಿ ಹೀಗಿತ್ತು. ನನ್ನ ಅಂಗಡಿಯ ಮೇಲೆ ಒಂದು ಡಬ್ಬಿ. ರಸ್ತೆ ಗುಡ್ಡ ಏರಿ ಇಳಿಯುವ ತಿರುವಿನಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಅಲ್ಲಿಂದ ಇತ್ತ ಸುರಪುರವೂ ಅತ್ತ ಅಕ್ಕನ ಹಳ್ಳಿಯೂ ಕಾಣುತ್ತವೆ. ಅದರ ಮೇಲೆ ಎರಡನೆಯದು. ಹಳ್ಳಿಯ ಎತ್ತರದ ಓಣಿಯಲ್ಲಿ ಒಂದು ಮುಸ್ಲಿಮರ ಮನೆ. ಗಿರಣಿಯನ್ನೂ ಅಕ್ಕನ ಮನೆಯನ್ನೂ ನೋಡುವ ಮಾಳಿಗೆ ಇಡೀ ಊರಿಗೆ ಅದೊಂದೇ. ಅಲ್ಲಿ ಮೂರನೆಯದು, ಅಕ್ಕನ ಮನೆಯಲ್ಲಿ ನಾಲ್ಕನೆಯದು. ದೂರ ಮುಟ್ಟಲಿ ಅಂತ ಹಳೆಯ ಟಿವಿ ಡಿಶ್‌ಗಳ ಮುಂದೆ ಡಬ್ಬಿ ಕಟ್ಟಿ ಎದುರುಬದುರು ತಿರುಗಿಸಿದೆ. ಗಿರಣಿಯ ಮೇಲೆ ಮಂಗಗಳು ವೈರು ಕಡಿದವು. ವೈರನ್ನು ಕಬ್ಬಿಣದ ಪೈಪಿನೊಳಗೆ ಹಾಕಿದೆ. ಡಿಶ್ ಹಿಡಿದು ಜೋತಾಡಿದವು. ಕಲ್ಲು ಹೇರಿ ಬಿಗಿದೆ. ಮಂಗಗಳಿಗೇ ಬೇಸರವಾಗಿ ಬಿಟ್ಟುಹೋದವು, ನನಗೆ ಆಗಲಿಲ್ಲ.

ಮೂರನೆಯ ಮಾಳಿಗೆಯ ಮನೆಯ ಹಿರಿಯಳನ್ನು ಊರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತದೆ. ನಾನೂ ಹಾಗೇ ಕರೆದೆ. ಅಕ್ಕನ ವಿಷಯ ಹೇಳಿದಾಗ ಮರುಮಾತಿಲ್ಲದೆ ಜಾಗ ಕೊಟ್ಟಳು. ನಮ್ಮ ಕಡೆ ಯಾರದೇ ಮಾಳಿಗೆ ಏರುವ ಮುಂಚೆ ಗಂಡಸರು ಕೂಗಬೇಕು. ಮೇಲಿನಿಂದ ನಾಲ್ಕಾರು ಮನೆಗಳ ಅಂಗಳ ಕಾಣುತ್ತದೆ. ಜಳಕ ಮಾಡುವವರು, ತಲೆ ಬಾಚುವವರು, ಮಗುವಿಗೆ ಹಾಲು ಕೊಡುವವರು ಇರುತ್ತಾರೆ. ಇಪ್ಪತ್ತು ವರ್ಷ ಡಿಶ್ ಕಟ್ಟಿದವನು ನಾನು, ಕೂಗದೆ ಒಂದು ಮೆಟ್ಟಿಲೂ ಏರಿದವನಲ್ಲ. ‘ಮಾಳಿಗಿ ಏರಾಕತ್ತೇನ್ರೀ, ಅಂಗಳದಾಗ ಇದ್ದವರು ಒಳಗ ನಡೀರಿ!’ ಎಂದು ಕನ್ನಡದಲ್ಲಿ ಎರಡು ಸಲ, ‘ಪರ್ದಾ ಕರ್ಲೋ ಅಮ್ಮಾ!’ ಎಂದು ಒಂದು ಸಲ ಕೂಗಿ, ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆಯೇ ಏರುತ್ತಿದ್ದೆ.

ದೀಪಾವಳಿ ಕಳೆದು ತಿಂಗಳಾದ ಮೇಲೆ ನಾಲ್ಕೂ ಡಬ್ಬಿಗಳ ಕೊಂಡಿ ಕೂಡಿತು. ನಾನೊಬ್ಬನೇ ಅಕ್ಕನ ಪಡಸಾಲೆಯಲ್ಲಿ ನಿಂತು ಪರೀಕ್ಷೆ ಮಾಡಿದೆ, ಅಂಗಡಿಯ ಕ್ಯಾಮೆರಾದಲ್ಲಿ ನನ್ನ ಖಾಲಿ ಕುರ್ಚಿ ಕಂಡಿತು. ಅವ್ವನಿಗೆ ಹೇಳಿದೆ. ‘ಇನ್ನೊಂದ್ ಸ್ವಲ್ಪ ತಡಿ, ಕುರ್ಚಿ ಮ್ಯಾಲ ನೆಟ್ಟಗ ಕೂಡಾಕ ಬರಲಿ’ ಎಂದಳು. ಅಕ್ಕನೂ ತಡಿ ಎಂದಳು, ಪಟ್ಟಿ ಬಿಚ್ಚುವವರೆಗೆ. ತಡೆದೆವು. ಅವ್ವ ಕುರ್ಚಿಯಲ್ಲಿ ಕೂರುವ ಹೊತ್ತಿಗೆ, ಎಳ್ಳಮಾವಾಸ್ಯೆಯ ವಾರ, ಕೊಂಡಿ ಸತ್ತುಹೋಯಿತು.

ಬೆಳಿಗ್ಗೆ ಗಿರಣಿಗೆ ಓಡಿದೆ. ಮಂಗಗಳ ಕೆಲಸವಲ್ಲ, ಡಿಶ್ ಜಾಗದಲ್ಲೇ ಇತ್ತು. ಹಳ್ಳಿಯ ಕಡೆ ಏನೋ ಅಡ್ಡ ಬಂದಿರಬೇಕು. ಯಾದಗಿರಿಯಲ್ಲಿ ಡಬ್ಬಿಗಳ ಜೊತೆ ಕೊಂಡಿದ್ದ ಹಳೆಯ ದುರ್ಬೀನ್ ಚೀಲದಲ್ಲಿತ್ತು. ರೂಢಿಯಂತೆ ಕೂಗಿ ಗಿರಣಿಯ ಮಾಳಿಗೆ ಏರಿ, ದುರ್ಬೀನ್ ಕಣ್ಣಿಗೆ ಹಚ್ಚಿ, ಖಾಲಾಳ ಮಾಳಿಗೆ ಹುಡುಕಿದೆ. ಕಂಡಿತು. ಡಿಶ್ ಎದುರಿಗೆ ಆಳೆತ್ತರ ತೊಗರಿ ಕಟ್ಟಿಗೆಯ ಬಣವೆ! ತೊಗರಿ ರಾಶಿಯಾದ ಮೇಲೆ ನಮ್ಮಲ್ಲಿ ಪ್ರತಿ ಮಾಳಿಗೆಯ ಮೇಲೂ ಒಲೆಗೆ ಅಂತ ಆ ಕಟ್ಟಿಗೆ ಒಟ್ಟುತ್ತಾರೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನನಗೆ ಡಿಶ್ ಕೂಡಿಸುವಾಗ ಅದು ಹೊಳೆಯಲಿಲ್ಲ, ಖಾಲಿ ಮಾಳಿಗೆ ಎಂದೂ ಖಾಲಿ ಇರುತ್ತದೆ ಎಂದುಕೊಂಡಿದ್ದೆ. ನನ್ನನ್ನು ನಾನೇ ಬೈದುಕೊಳ್ಳುತ್ತ, ಡಿಶ್ ಇಡಲು ಬೇರೆ ಯಾವ ಮೂಲೆ ಬಯಲಿದೆ ಎಂದು ಸುಮಾರು ಹೊತ್ತು ದುರ್ಬೀನಿನಲ್ಲಿ ಆ ಓಣಿಯನ್ನು ಅಳೆದೆ.

ಮರುದಿನ ಖಾಲಾಳ ಮಗ, ನನ್ನ ವಯಸ್ಸಿನವನು, ಅಂಗಡಿಗೆ ಬಂದು ಒಂದು ಗೋಣಿಚೀಲ ಇಟ್ಟ. ಒಳಗೆ ನನ್ನ ಡಬ್ಬಿ, ಡಿಶ್, ಸುತ್ತಿಟ್ಟ ವೈರು.

‘ತಗೋರಿ ಅಣ್ಣಾ ನಿಮ್ಮ ಸಾಮಾನ. ಅಮ್ಮಿ ಕೊಟ್ಟು ಬಾ ಅಂದಾರ.’

‘ಯಾಕ್ರಿ, ಏನಾತು?’

‘ಏನಾತು ಅಂತ ನನಗ ಕೇಳ್ತೀರೇನು? ಗಿರಣಿ ಮಾಳಿಗಿ ಮ್ಯಾಲ ನಿಂತು ದುರ್ಬೀನ್ ಹಚ್ಚಿ ನಮ್ಮ ಓಣಿ ನೋಡಾಕತ್ತಿದ್ರಿ. ಜ್ವಾಳ ಬೀಸಸಾಕ ಬಂದ ನಮ್ಮೂರ ಮಂದಿ ಕಣ್ಣಾರೆ ನೋಡ್ಯಾರ. ಇಷ್ಟು ದಿನ ಇದ ಕೆಲಸಕ್ಕ ಡಬ್ಬಿ ಇಟ್ಟಾನ ಅಂತ ಮಾತಾಡಾಕತ್ತಾರ.’

ಕೂಗಿದ್ದೆ, ಹೌದು. ಯಾರಿಗೆ? ಗಿರಣಿಯ ಸುತ್ತ ಇದ್ದದ್ದು ಬೀಸಿಸಲು ಬಂದ ನಾಲ್ಕು ಜನ, ನಾಲ್ಕು ಕೋಳಿ. ನನ್ನ ಕೂಗು ಗಿರಣಿಯ ಗೋಡೆ ದಾಟಲಿಲ್ಲ, ನನ್ನ ಕಣ್ಣು ಮಾತ್ರ ಎರಡು ಕಿಲೋಮೀಟರ್ ದಾಟಿ ಜನರ ಅಂಗಳಕ್ಕೆ ಇಳಿದಿತ್ತು. ನಾನು ನೋಡಿದ್ದು ಕಟ್ಟಿಗೆಯನ್ನೇ. ಆದರೆ ಅಲ್ಲಿ ತಲೆ ಬಾಚುತ್ತ ಕೂತಿದ್ದವಳಿಗೆ ನಾನು ಏನು ನೋಡಿದೆ ಅಂತ ಹೇಗೆ ಗೊತ್ತಾಗಬೇಕು? ಇಪ್ಪತ್ತು ವರ್ಷದ ಹೆಸರು ಒಂದು ಬೆಳಗಿಗೆ ಮಣ್ಣಾಯಿತು. ಅವ್ವ ಕುರ್ಚಿಯಲ್ಲಿ ಕೂತು ‘ಎಂದ ತೋರಿಸ್ತಿ?’ ಎಂದು ಕೇಳುತ್ತಲೇ ಇದ್ದಳು.

ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಆ ಊರಿನ ಪಾಲಿಗೆ ನಾನು ದುರ್ಬೀನಿನವನಾಗಿಯೇ ಉಳಿಯುತ್ತಿದ್ದೆ, ಅಕ್ಕನೂ ಅವ್ವನೂ ನನ್ನ ಸುಳ್ಳಿನ ಎರಡು ತುದಿಗೆ ಉಳಿಯುತ್ತಿದ್ದರು. ಗೋಣಿಚೀಲವನ್ನು ಬೈಕಿಗೆ ಕಟ್ಟಿಕೊಂಡು, ದುರ್ಬೀನನ್ನು ಎಲ್ಲರಿಗೂ ಕಾಣುವ ಹಾಗೆ ಕೊರಳಿಗೆ ಹಾಕಿಕೊಂಡು, ನೇರ ಖಾಲಾಳ ಮನೆಗೆ ಹೋದೆ. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಅಕ್ಕನೂ ಬಂದಳು. ಅವಳಿಗೆ ಏನು ನಡೆದಿದೆ ಎಂದು ಯಾರೂ ತಿಳಿಸಿರಲಿಲ್ಲ.

ನಾನು ದುರ್ಬೀನ್ ತೆಗೆದು ಖಾಲಾಳ ಮುಂದಿಟ್ಟೆ. ‘ತಪ್ಪಾತು ಖಾಲಾ. ಕಟ್ಟಿಗಿ ಅಡ್ಡ ಬಂದದ ಅಂತ ನೋಡಿದೆ. ನೋಡಬಾರದಿತ್ತು.’

ಖಾಲಾ ಕೂತಲ್ಲಿಂದ ಏಳಲಿಲ್ಲ. ‘ಬೇಟಾ, ನೀ ಏರೂ ಮುಂದ ಕೂಗ್ತಿ, ಅದಕ್ಕಽ ನಾ ಜಾಗಾ ಕೊಟ್ಟಿದ್ದೆ. ಅಷ್ಟು ದೂರದಿಂದ ಕೂಗಿದ್ರ ನಮಗ ಕೇಳತದೇನು?’

‘ಇಲ್ಲ ಖಾಲಾ.’

‘ಕೇಳಂಗಿಲ್ಲ ಅಂದ್ರ ನೋಡಂಗಿಲ್ಲ. ಮುಗೀತು.’

ಅವಳೇ ಮುಂದುವರಿಸಿದಳು. ‘ಕಟ್ಟಿಗಿ ಅಡ್ಡ ಇಡಬ್ಯಾಡ್ರಿ ಅಂತ ಒಂದ ಮಾತು ನಮ್ಮ ಸೊಸಿಗೆ ಹೇಳಿದ್ರ ಸಾಕಿತ್ತಲ್ಲ. ಮಾಳಿಗಿ ಏರಿ ಇಳ್ಯಾಕಿ ಅಕಿ. ನೀ ಒಬ್ಬಾವನಽ ಏರಿ, ಒಬ್ಬಾವನಽ ಕಟ್ಟಿ, ಒಬ್ಬಾವನಽ ಇಳದಿ. ಮನಿ ಹೆಣ್ಣುಮಕ್ಕಳಿಗೆ ಏನರ ತೋರಿಸಿದ್ದೇನು?’

ತೋರಿಸಿರಲಿಲ್ಲ. ಎಲ್ಲರಿಗಾಗಿ ಅಂತ ಹೇಳಿಕೊಂಡು ಎಲ್ಲವನ್ನೂ ನಾನೇ ಮಾಡಿದ್ದೆ.

‘ಇನ್ನ ನಮ್ಮ ಮಾಳಿಗಿ ನಾವಽ ಏರ್ತೀವಿ. ಡಬ್ಬಿ ಸೊಸಿ ಕಟ್ತಾಳ, ಕಟ್ಟಿಗಿನೂ ಅಕಿನಽ ಸರಿಸ್ತಾಳ. ನೀ ಗಿರಣಿ ಮ್ಯಾಲ ಇರು. ದುರ್ಬೀನ್ ನನ್ನ ಹತ್ರ ಇರ್ಲಿ.’

‘ದುರ್ಬೀನ್ ಇಲ್ಲಂದ್ರ ಎರಡೂ ಡಿಶ್ ಎದುರಾಬದುರಾ ಹೆಂಗ ತಿರುಗಸೂದು ಖಾಲಾ? ಅಲ್ಲಿಂದ ನಿಮ್ಮ ಮಾಳಿಗಿ ಯಾವುದು ಅಂತನೂ ತಿಳಿಯೂದಿಲ್ಲ’ ಎಂದೆ.

ಆಗ ನನ್ನ ಎದೆಯ ಮೇಲೆ ಒಂದು ಬೆಳಕಿನ ತುಣುಕು ಬಿದ್ದು ಕುಣಿಯಿತು. ತಿರುಗಿ ನೋಡಿದರೆ ಅಕ್ಕ. ಅಂಗಳದ ಗೋಡೆಗೆ ತೂಗುಹಾಕಿದ್ದ ಕನ್ನಡಿಯನ್ನು ಎಡಗೈಯಲ್ಲಿ ಹಿಡಿದು, ಬಿಸಿಲನ್ನು ನನ್ನ ಮೇಲೆ ಎಸೆಯುತ್ತಿದ್ದಳು. ಚಿಕ್ಕಂದಿನಲ್ಲಿ ಅವಳು ಗುಡ್ಡದ ಬಂಡೆಗಳ ಮೇಲೆ ಆಡುವಾಗ ಅವ್ವ ಮಾಳಿಗೆಯಿಂದ ಅವಳನ್ನು ಕರೆಯುತ್ತಿದ್ದುದು ಹೀಗೆ; ಕೂಗಿದರೆ ಕೇಳದ ಮಗಳಿಗೆ ಕನ್ನಡಿ ತೋರಿಸುತ್ತಿದ್ದಳು. ನನ್ನನ್ನು ಕರೆಯಲು ಅಕ್ಕನೂ ಅದನ್ನೇ ಕಲಿತಿದ್ದಳು. ಏನು ಜಗಳ ಅಂತ ಕೇಳಲಷ್ಟೇ ಅವಳು ನನ್ನನ್ನು ಕರೆದದ್ದು. ಆದರೆ ನಾನು ಆ ಬೆಳಕನ್ನೇ ನೋಡುತ್ತ ನಿಂತುಬಿಟ್ಟೆ. ಗಿರಣಿಯಿಂದ ಕಾಣಬೇಕಾದದ್ದು ಇಷ್ಟೇ, ಒಂದು ಬೆಳಕು. ಯಾರ ಅಂಗಳವೂ ಅಲ್ಲ.

ಮರುದಿನ ಬಿಸಿಲೇರಿದ ಮೇಲೆ ಗಿರಣಿಯ ಮೇಲೆ ಬರಿಗಣ್ಣಿನಲ್ಲಿ ನಿಂತೆ. ಹಳ್ಳಿ ಮಣ್ಣಿನ ಬಣ್ಣದ ಒಂದು ಗೆರೆ. ಅದರೊಳಗಿನಿಂದ ಥಟ್ಟನೆ ಒಂದು ಚುಕ್ಕಿ ಹೊಳೆಯಿತು. ಖಾಲಾಳ ಮಾಳಿಗೆಯ ಮೇಲೆ ಅಕ್ಕ. ನನ್ನ ಡಿಶ್ ಅನ್ನು ಅದಕ್ಕೆ ತಿರುಗಿಸಿದೆ. ನಾನೂ ಕನ್ನಡಿ ಹಿಡಿದೆ, ಆ ಹೊಳಪು ನೋಡಿಕೊಂಡು ಸೊಸೆ ತನ್ನ ಡಿಶ್ ತಿರುಗಿಸಿದಳು. ಹತ್ತಿದರೆ ಕನ್ನಡಿ ಅಲುಗಾಡಿಸುವುದು, ಹತ್ತದಿದ್ದರೆ ಸುಮ್ಮನೆ ಹಿಡಿಯುವುದು ಎಂದು ಮಾತಾಗಿತ್ತು. ಮೂರು ಸಲ ಸುಮ್ಮನೆ ಹೊಳೆಯಿತು. ಕೂದಲೆಳೆಯಷ್ಟು ಸರಿಸಿದೆ. ನಾಲ್ಕನೆಯ ಸಲ ಚುಕ್ಕಿ ಎಷ್ಟು ಕುಣಿಯಿತೆಂದರೆ ಗಿರಣಿಯವನೂ ಕೆಳಗಿನಿಂದ ‘ಹತ್ತಿತೇನ್ರಿ?’ ಎಂದು ಕೇಳಿದ. ಹತ್ತಿತ್ತು.

ಆ ವಾರದಲ್ಲೇ ಖಾಲಾಳ ಸೊಸೆ, ಒಂದಕ್ಕೆ ಗಿರಣಿಯೂ ಇನ್ನೊಂದಕ್ಕೆ ಅಕ್ಕನ ಮನೆಯೂ ಕಾಣುವ ಇನ್ನೆರಡು ಮನೆಗಳಿಗೆ ಡಬ್ಬಿ ಕಟ್ಟಿಕೊಟ್ಟಳು, ನನ್ನನ್ನು ಅಂಗಳದಲ್ಲಿ ಕೂರಿಸಿ ಮೇಲಿನಿಂದ ನನಗೇ ಪಾಠ ಹೇಳುತ್ತ. ಈಗ ಒಂದು ಮಾಳಿಗೆಯ ಮೇಲೆ ಕಟ್ಟಿಗೆ ಬಿದ್ದರೂ ಸುದ್ದಿ ಬೇರೆ ಮಾಳಿಗೆಯಿಂದ ಸುತ್ತಿ ಅಕ್ಕನ ಮನೆ ಮುಟ್ಟುತ್ತಿತ್ತು.

ಅವ್ವ ತಯಾರಾದಳು. ನನ್ನ ಹೆಂಡತಿಯಿಂದ ತಲೆ ಬಾಚಿಸಿಕೊಂಡು, ಒಳ್ಳೆಯ ಸೀರೆ ಉಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಹಿಡಿದು ನಡೆಯುವ ವಾಕರನ್ನು ಬಾಗಿಲ ಹಿಂದೆ ಇಡಿಸಿದಳು. ನಾನು ಫೋನನ್ನು ಎದುರಿನ ಗೂಡಿನಲ್ಲಿ ನಿಲ್ಲಿಸಿ ಪಕ್ಕಕ್ಕೆ ಸರಿದೆ. ಚಿತ್ರ ಒಂದು ಕ್ಷಣ ಒಡೆದು, ಕೂಡಿ, ಅಕ್ಕ ಬಂದಳು. ಬಲಗೈ ಸೆರಗಿನೊಳಗಿತ್ತು.

ಇಬ್ಬರೂ ಅತ್ತರು, ನಕ್ಕರು. ಅವ್ವನ ಕೈಗಳು ಎಷ್ಟೋ ತಿಂಗಳ ಮೇಲೆ ಓಡತೊಡಗಿದವು. ಅಕ್ಕ ಒಂದೇ ಕೈಯಿಂದ ಉತ್ತರ ಕೊಟ್ಟಳು. ಎರಡು ನಿಮಿಷವೂ ಆಗಿರಲಿಲ್ಲ, ಅವ್ವನ ಕೈ ಗಾಳಿಯಲ್ಲೇ ನಿಂತಿತು.

‘ಎಡಗೈಲೆ ಯಾಕ ಮಾತಾಡಾಕತ್ತಾಳ ಇಕಿ?’ ಎಂದಳು, ನನ್ನನ್ನು ನೋಡದೆ.

ಅದೇ ಹೊತ್ತಿಗೆ ಆ ಕಡೆಯಿಂದ ಅಕ್ಕ ಏನೋ ಕೇಳಿದಳು. ಇದು ನನಗೂ ತಿಳಿಯಿತು: ಅವ್ವಾ, ಎದ್ದು ಹೋಗಿ ನಿನ್ನ ಹಳೆ ಕನ್ನಡಿ ತಗೊಂಡು ಬಾ, ತೋರಿಸು. ಯಾವ ಕೆಲಸಕ್ಕೂ ಕೂತಲ್ಲಿ ಕೂಡದ ಅವ್ವ ಕುರ್ಚಿ ಬಿಟ್ಟು ಏಳಲಿಲ್ಲ. ಎದೆಗೆ ಎರಡು ಸಲ ತಟ್ಟಿಕೊಂಡಳು. ಆರಾಮ. ಅಕ್ಕನೂ ತಟ್ಟಿಕೊಂಡಳು. ಆರಾಮ. ಇಷ್ಟು ತಿಂಗಳು ನಾನು ಗುಡ್ಡ ದಾಟಿಸಿದ ಎರಡು ಮಾತುಗಳು ಒಂದರ ಎದುರು ಒಂದು ನಿಂತವು, ಇಬ್ಬರೂ ನಂಬಲಿಲ್ಲ.

ಆಮೇಲೆ ಇಬ್ಬರೂ ಒಟ್ಟಿಗೇ ಹುಬ್ಬು ಮುಟ್ಟಿಕೊಂಡರು. ನನ್ನನ್ನು ಕರೆಯುತ್ತಿದ್ದರು.

ನಾನು ಫೋನಿನ ಮುಂದೆ ಬಂದು ನಿಂತೆ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿ, ಸೆರಗಿನೊಳಗಿನಿಂದ ಬಲಗೈ ತೆಗೆದಳು. ಅವ್ವನಿಗೆ ಕಾಣುವ ಹಾಗೆ ಹಿಡಿದು, ಮೊಂಡು ಬೆರಳುಗಳಿಂದ ನಿಧಾನ ಏನೋ ಹೇಳಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ.

‘ಏನಂತಾಳವ್ವ?’ ಎಂದೆ.

ಅವ್ವ ಕಣ್ಣೀರು ಒರೆಸಿಕೊಳ್ಳದೆ, ಕಣ್ಣು ಕೀಳದೆ ನೋಡುತ್ತಿದ್ದಳು. ‘ತಡಿ, ತೊದಲಾಕತ್ತಾಳ. ಇನ್ನೊಂದ್ ಸಲ ಹೇಳ್ಲಿ. ಕಲೀತೀನಿ.’

ಅಕ್ಕ ಮತ್ತೆ ಹೇಳಿದಳು. ಮತ್ತೆ ಹೇಳಿದಳು. ಮೂರನೆಯ ಸಲಕ್ಕೆ ಅವ್ವ ತಲೆಯಾಡಿಸಿದಳು.

‘ನೀ ಯಾಕ ಏಳವಲ್ಲಿ, ಕಾಲು ತೋರಸು ಅಂತಾಳ. ಅಕಿ ತೋರಿಸ್ಯಾಳಲ್ಲ, ನಾನೂ ತೋರಿಸ್ತೀನಿ. ಹೋಗು, ವಾಕರ್ ತಗೊಂಡು ಬಾ.’

ಬಾಗಿಲ ಹಿಂದಿನಿಂದ ನಾನೇ ತಂದು ಕೊಟ್ಟೆ.